ಮರ ನೆಟ್ಟರೆ ಹಳ್ಳಿಗಳ ಬಡತನ ಕಡಿಮೆಯಾಗುತ್ತದೆಯೇ? ಹವಾಮಾನಕ್ಕೂ ಲಾಭವಿದೆಯೇ?

ಎರಡಕ್ಕೂ ಉತ್ತರ ಹೌದು. ಆದರೆ ಮರ ಯಾರದ್ದು ಎಂಬುದು ಮೊದಲ ಪ್ರಶ್ನೆ. ಸೊಪ್ಪು, ಸೌದೆ, ಕಾಯಿ ತನಗೇ ಸಿಗದಿದ್ದರೆ ರೈತ ಗಿಡವನ್ನು ಯಾಕೆ ಕಾಯಬೇಕು, ಅಲ್ವಾ?

ಆಫ್ರಿಕಾದ ನೈಜರ್ ದೇಶವನ್ನೇ ನೋಡಿ. ಅಲ್ಲಿ ಮರಗಳೆಲ್ಲ ಸರ್ಕಾರದ್ದು ಎಂಬ ನಿಯಮವಿತ್ತು. ಹಾಗಾಗಿ ರೈತರಿಗೆ ಅವುಗಳನ್ನು ಉಳಿಸುವ ಆಸಕ್ತಿ ಇರಲಿಲ್ಲ. 1980ರ ದಶಕದಿಂದ ಆ ನಿಯಮದ ಬಿಗಿ ಸಡಿಲವಾಗಿ, ಹೊಲದ ಮರ ತಮ್ಮದೇ ಎನಿಸತೊಡಗಿದಾಗ ಅವರು ಅಲ್ಲಿದ್ದ ಹಳೇ ಬೊಡ್ಡೆಗಳ ಚಿಗುರನ್ನು ಸವರಿ ಬೆಳೆಸತೊಡಗಿದರು. ಸಸಿಯ ಖರ್ಚಿಲ್ಲ, ಬೇರು ಆಗಲೇ ಆಳಕ್ಕೆ ಇಳಿದಿರುತ್ತದೆ. ಹೀಗೆ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರಗಳು ಮರಳಿ ಬಂದಿವೆ. ಬಿಸಿಗಾಳಿಯ ಹೊಡೆತ ತಗ್ಗಿತು, ಉದುರಿದ ಎಲೆ ಗೊಬ್ಬರವಾಯಿತು, ಇಳುವರಿ ಜಾಸ್ತಿಯಾಯಿತು. ಮಳೆ ಕೈಕೊಟ್ಟ ವರ್ಷ ಸೌದೆ, ಮೇವು ಮಾರಿ ದವಸ ಕೊಳ್ಳಬಹುದು. ಹೆಂಗಸರು ಸೌದೆಗಾಗಿ ಮೈಲಿಗಟ್ಟಲೆ ನಡೆಯುವುದೂ ಕಡಿಮೆಯಾಯಿತು. ನನಗೆ ಎಲ್ಲಕ್ಕಿಂತ ದೊಡ್ಡ ಲಾಭ ಅನಿಸುವುದು ಇದೇ.

ಕೀನ್ಯಾದಲ್ಲಿ ವಂಗಾರಿ ಮಾಥಾಯ್ 1977ರಲ್ಲಿ ಶುರುಮಾಡಿದ ಗ್ರೀನ್ ಬೆಲ್ಟ್ ಚಳವಳಿ ಹಳ್ಳಿಯ ಹೆಂಗಸರಿಗೆ ಬದುಕಿ ಉಳಿದ ಸಸಿಗೆ ಹಣ ಕೊಡುತ್ತಿತ್ತು. ಸುಮ್ನೆ ನೆಟ್ಟು ಹೋಗುವುದಕ್ಕೆ ಅಲ್ಲಿ ಜಾಗವಿರಲಿಲ್ಲ. ಎಲ್ಲ ಯೋಜನೆಗಳಲ್ಲೂ ಇದೇ ಷರತ್ತು ಇರಬೇಕು.

ಇನ್ನು ಹವಾಮಾನ. ಒಣ ಮರದ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಇಂಗಾಲವೇ, ಅದು ಗಾಳಿಯಿಂದ ಬಂದದ್ದು. ಆದರೆ ಮರ ಬೆಳೆಯಲು ವರ್ಷಗಳು ಬೇಕು, ಬೆಂಕಿ ಬಿದ್ದರೆ ಇಂಗಾಲ ಗಾಳಿಗೆ ವಾಪಸ್. ಕಲ್ಲಿದ್ದಲು, ಪೆಟ್ರೋಲು ಸುಡುವುದನ್ನು ಇಳಿಸದೆ ಬರೀ ಗಿಡ ನೆಟ್ಟರೆ ಸಾಲದು. ಹುಲ್ಲುಗಾವಲಿನ ತುಂಬ ಒಂದೇ ಜಾತಿಯ ಮರ ಹಾಕುವುದಂತೂ ಬೇಡವೇ ಬೇಡ. ದನ, ಕುರಿ ಮೇಯಿಸುವವರ ಬದುಕಿಗೇ ಅದು ಪೆಟ್ಟು ಕೊಡುತ್ತದೆ, ಎಷ್ಟೋ ಕಡೆ ಹಳ್ಳದ ನೀರೂ ಕಡಿಮೆಯಾಗುತ್ತದೆ.