ಮುದ್ದೆಗೆ ಏನು ಸಾರು?

ಪಾಂಡವಪುರದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ಸಕ್ಕರೆ ಕಾಯಿಲೆ ಬಂದು ಆರು ವರ್ಷ. ಅನ್ನ ಬಿಟ್ಟೆ. ಎರಡು ಹೊತ್ತೂ ಎರಡೆರಡು ಮುದ್ದೆ, ಬೆಳಿಗ್ಗೆ ಬೆಲ್ಲ ಹಾಕಿದ ರಾಗಿ ಮಾಲ್ಟು. ಆದರೂ ಶುಗರ್ ಇಳಿದಿಲ್ಲ. ರಾಗಿ ಬಗ್ಗೆ ನೀವೆಲ್ಲ ಬರೆಯುವುದು ಸುಳ್ಳೇ?"

ಮೇಷ್ಟ್ರೇ, ರಾಗಿ ಪಾಪ ಏನೂ ಹೇಳಿಲ್ಲ, ಹೇಳಿದವರು ನಾವು. 2023ರಲ್ಲಿ, ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷದ ಭರಾಟೆಯಲ್ಲಿ, ಈ ಪತ್ರಿಕೆಯೂ ಒಂದು ಕೈ ಜಾಸ್ತಿಯೇ ಹೊಗಳಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ 10ರ ಆಸುಪಾಸು. ನಾರೂ ಹೆಚ್ಚು. ಅರಗಿ ಸಕ್ಕರೆಯಾಗುವ ಪಿಷ್ಟದಲ್ಲಿ (ಕಾರ್ಬೋಹೈಡ್ರೇಟ್) ಮಾತ್ರ ಇಬ್ಬರೂ ಅಣ್ಣತಮ್ಮಂದಿರು: ಅಕ್ಕಿಯಲ್ಲಿ 78 ಗ್ರಾಂ, ರಾಗಿಯಲ್ಲಿ 70ರ ಹತ್ತಿರ. ಮಾಲ್ಟಿನ ಬೆಲ್ಲವೂ ಲೆಕ್ಕಕ್ಕೆ ಸಕ್ಕರೆಯೇ. ಮಾತ್ರೆಯ ವಿಷಯ ನಿಮ್ಮ ಡಾಕ್ಟರು ಹೇಳಿದ ಹಾಗೆ, ಅಲ್ಲಿ ನಾನು ಬಾಯಿ ಹಾಕುವುದಿಲ್ಲ.

ನನಗೆ ಕೋಪ ಬಂದದ್ದು ಬೇರೆ ಕಾರಣಕ್ಕೆ. ಇಷ್ಟುದ್ದದ ಪತ್ರದಲ್ಲಿ ಸಾರಿನ ಸುದ್ದಿಯೇ ಇಲ್ಲ! ಮಂಡ್ಯ ಜಿಲ್ಲೆಯವರು ಹೀಗೆ ಬರೆಯಬಹುದೇ? ಮದ್ದೂರಿನ ಕಡೆಯ ನಮ್ಮಜ್ಜಿಯ ತಟ್ಟೆಯಲ್ಲಿ ಮುದ್ದೆ ಕಿತ್ತಳೆಹಣ್ಣಿನ ಗಾತ್ರ. ಹುರುಳಿ ಬಸ್ಸಾರು ಧಾರಾಳ. ಬಸಿದ ಸೊಪ್ಪು, ಕಾಳಿನ ಪಲ್ಯ ಮುದ್ದೆಗಿಂತ ದೊಡ್ಡ ರಾಶಿ. ದೊಡ್ಡ ಮುದ್ದೆ ಏನಿದ್ದರೂ ಉಳುಮೆಗೆ ಹೋಗುವ ತಾತನಿಗೆ. ಕಾಳು, ಸೊಪ್ಪು ಜೊತೆಗಿದ್ದರೆ ಪಿಷ್ಟ ನಿಧಾನಕ್ಕೆ ಅರಗುತ್ತದೆಂದು ಆಹಾರತಜ್ಞರು ಈಗ ಚಾರ್ಟ್ ಬರೆದುಕೊಡುತ್ತಾರೆ. ಅಜ್ಜಿ ಹೇಳುತ್ತಿದ್ದದ್ದು, "ಬರೀ ಮುದ್ದೆ ನುಂಗುದ್ರೆ ಸಂಜೆಗೇ ಹೊಟ್ಟೆ ಕೂಗ್ತದೆ ಕಣ್ಮಗ."

ನಾವು ಆ ತಟ್ಟೆಯಿಂದ ರಾಗಿಯೊಂದನ್ನೇ ಎತ್ತಿಕೊಂಡು ಪೊಟ್ಟಣಕ್ಕೆ ತುಂಬಿದೆವು. ಮೈಸೂರಿನ ಅಂಗಡಿಯಲ್ಲಿ ಮೊನ್ನೆ ರಾಗಿ ಬಿಸ್ಕತ್ತು ಕೊಂಡೆ. ಹಿಂಬದಿಯ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ ತಾನೆ? ಮೊದಲು ಮೈದಾ, ಆಮೇಲೆ ಸಕ್ಕರೆ. ರಾಗಿ ಎಲ್ಲೋ ಬಾಲದಲ್ಲಿತ್ತು. ಮುಂಬದಿಯಲ್ಲಿ ಮಾತ್ರ ತೆನೆಯ ದೊಡ್ಡ ಚಿತ್ರ.

ಸೊಪ್ಪಿನ ಕಥೆ ಇನ್ನೂ ಸಂಕಟದ್ದು. ಅಣ್ಣೆ, ಹೊನಗೊನೆ, ಗಣಿಕೆ ಎಲ್ಲ ಸೇರಿದ ಬೆರಕೆ ಸೊಪ್ಪು ಹೊಲದ ಬದುವಿನಲ್ಲಿ ಕಾಸಿಲ್ಲದೆ ಸಿಗುತ್ತಿತ್ತು. ಅದಕ್ಕೆ ಕಳೆ ಎಂದು ಹೆಸರಿಟ್ಟು ಔಷಧಿ ಹೊಡೆದೆವು. ದೇವರಾಜ ಮಾರುಕಟ್ಟೆಯಲ್ಲಿ ಕಳೆದ ಮಳೆಗಾಲ ಒಬ್ಬಾಕೆಯ ಬಳಿ ಮಾತ್ರ ಕಂಡಿತು. ಎಲ್ಲಿಂದ ತಂದೆಯಮ್ಮ ಎಂದು ಕೇಳಿದರೆ, "ಔಸ್ದಿ ಹೊಡೀದಿರೋ ಹೊಲ ಹುಡುಕ್ಕೊಂಡು ನಾಕ್ ಮೈಲಿ ನಡೆದೆ ಕಣಪ್ಪ" ಎಂದಳು.

ನಿಮ್ಮ ಕಡೆ ಇನ್ನೂ ಸಿಗುತ್ತದೆಯೇ ಮೇಷ್ಟ್ರೇ? ಮುಂದಿನ ಪತ್ರದಲ್ಲಿ ತಿಳಿಸಿ, ಸಾರಿನ ಸಮೇತ.