ಗೋಪುರದ ಇಂಗ್ಲಿಷಿಗೆ ಅಮೆರಿಕದ ರಾಗ ಬೇಕಾ?

ಪ್ರಶ್ನೆ: ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ರಾಯಚೂರಿನಲ್ಲಿ ಬಿಎಸ್‌ಸಿ ಕೊನೆಯ ವರ್ಷ, ಫಿಸಿಕ್ಸ್ ಮತ್ತು ಮ್ಯಾಥ್ಸ್. ಏರ್ ಟ್ರಾಫಿಕ್ ಕಂಟ್ರೋಲರ್ ಆಗುವ ಆಸೆ. ಒಂದು ಕೋಚಿಂಗ್ ಸೆಂಟರಿನವರು, ‘ನಿಂದು ಹಳ್ಳಿ ಉಚ್ಚಾರಣೆ, ಮೊದಲು ಆಕ್ಸೆಂಟ್ ಕೋರ್ಸ್ ಮಾಡು’ ಅಂತ ದೊಡ್ಡ ಫೀಸು ಕೇಳುತ್ತಿದ್ದಾರೆ. ಕಟ್ಟಬೇಕಾ?
– ಸಿಂಧನೂರಿನ ಓದುಗರು

ಉತ್ತರ: ಕಟ್ಟಬೇಡಮ್ಮ. ನಾನೂ ಮಾನ್ವಿ ಕಡೆಯ ಸರ್ಕಾರಿ ಶಾಲೆಯವನೇ. ಇದೇ ಉಚ್ಚಾರಣೆ ಇಟ್ಟುಕೊಂಡೇ ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತು, ಪೈಲಟ್‌ಗಳಿಗೆ ರೇಡಿಯೊದಲ್ಲಿ ಸೂಚನೆ ಕೊಡುತ್ತಾ ನಿವೃತ್ತನಾದೆ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, 2003ರಲ್ಲಿ ಭಾಷಾ ನಿಯಮ ತಂದು 2008ರ ಮಾರ್ಚ್‌ನಿಂದ ಜಾರಿ ಮಾಡಿತು. ಭಾಷಾ ಸಾಮರ್ಥ್ಯಕ್ಕೆ ಆರು ಮಟ್ಟಗಳಿವೆ. ಪೈಲಟ್ ಆಗಲಿ, ಕಂಟ್ರೋಲರ್ ಆಗಲಿ, ಕನಿಷ್ಠ ನಾಲ್ಕನೇ ಮಟ್ಟ ಬೇಕು. ಆ ಮಟ್ಟದ ವಿವರಣೆಯಲ್ಲೇ ಬರೆದಿದ್ದಾರೆ: ಉಚ್ಚಾರಣೆಯಲ್ಲಿ ತಾಯ್ನುಡಿಯ ಛಾಯೆ ಇರಬಹುದು, ಅದರಿಂದ ಕೇಳುವವರಿಗೆ ಆಗೊಮ್ಮೆ ಈಗೊಮ್ಮೆಗಿಂತ ಜಾಸ್ತಿ ತೊಂದರೆ ಆಗಬಾರದು. ಅಷ್ಟೇ. ನಿನ್ನ ಕೋಚಿಂಗಿನವರು ಈ ಸಾಲು ಓದಿಯೇ ಇಲ್ಲ ಅಂತ ಕಾಣುತ್ತದೆ. ಅಥವಾ ಓದಿ ಸುಮ್ನಿದ್ದಾರೆ.

ಪರೀಕ್ಷೆಯಲ್ಲಿ ನೋಡುವುದು ಮಾತು ಮತ್ತು ಕೇಳಿಸಿಕೊಳ್ಳುವಿಕೆ ಮಾತ್ರ, ಪ್ರಬಂಧ ಬರೆಸುವುದಿಲ್ಲ. ಉಚ್ಚಾರಣೆ, ವಾಕ್ಯರಚನೆ, ಪದಸಂಪತ್ತು, ಸರಾಗತೆ, ಗ್ರಹಿಕೆ, ಸಂವಾದ ಅಂತ ಆರು ಅಂಶ. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದೇ ನಿನ್ನ ಮಟ್ಟ. ಐದರಲ್ಲಿ ಐದನೇ ಮಟ್ಟ, ಒಂದರಲ್ಲಿ ಮೂರು ಬಂದರೆ, ಒಟ್ಟು ಮೂರು! ನಾಲ್ಕನೇ ಮಟ್ಟದವರಿಗೆ ಮೂರು ವರ್ಷಕ್ಕೊಮ್ಮೆ, ಐದನೆಯವರಿಗೆ ಆರು ವರ್ಷಕ್ಕೊಮ್ಮೆ ಮರುಪರೀಕ್ಷೆ. ಆರನೇ ಮಟ್ಟಕ್ಕೆ ಮತ್ತೆ ಬೇಕಿಲ್ಲ.

ನಮ್ಮ ಕಡೆಯವರು ತಿದ್ದಿಕೊಳ್ಳಬೇಕಾದದ್ದು ಇದೆ. ‘ಇಸ್ಪೀಡ್’, ‘ಇಸ್ಟೇಷನ್’ ಬಿಡು. ಫಿಫ್ಟೀನ್ ಮತ್ತು ಫಿಫ್ಟಿ ಬೇರೆ ಬೇರೆ ಕೇಳಿಸಬೇಕು. ಈ ಗೊಂದಲಕ್ಕೇ ರೇಡಿಯೊದಲ್ಲಿ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳುವುದು: ಹೆಡಿಂಗ್ (ವಿಮಾನದ ಮೂತಿ ಇರಬೇಕಾದ ದಿಕ್ಕು) ಒನ್ ಫೈಫ್ ಜೀರೊ. ಐದಕ್ಕೆ ಫೈಫ್, ಒಂಬತ್ತಕ್ಕೆ ನೈನರ್, ಮೂರಕ್ಕೆ ಟ್ರೀ. ವೇಗ ನಿಮಿಷಕ್ಕೆ ನೂರು ಪದ ಮೀರಬಾರದು. ಟಿವಿ ಇಂಗ್ಲಿಷ್ ನಿರೂಪಕರ ಹಾಗೆ ಸುರಿಯುವವರು ಇಲ್ಲಿ ಬೈಸಿಕೊಳ್ಳುತ್ತಾರೆ.

ಆದರೆ ಕಂಠಪಾಠದ ನುಡಿಗಟ್ಟು ಸಾಲದು. ಹಕ್ಕಿ ಬಡಿಯಿತು, ಕ್ಯಾಬಿನ್ನಿನಲ್ಲಿ ಹೊಗೆ, ಪ್ರಯಾಣಿಕರೊಬ್ಬರಿಗೆ ಎದೆನೋವು... ಇಂಥದ್ದಕ್ಕೆಲ್ಲ ಸಿದ್ಧ ವಾಕ್ಯ ಎಲ್ಲಿಂದ ತರುತ್ತೀಯ? 1990ರ ಜನವರಿಯಲ್ಲಿ ಕೊಲಂಬಿಯಾದ ಅವಿಯಾಂಕಾ ಕಂಪನಿಯ ವಿಮಾನ ನ್ಯೂಯಾರ್ಕ್ ಹತ್ತಿರ ಇಂಧನ ಮುಗಿದು ಬಿತ್ತು. 73 ಜನ ಸತ್ತರು. ಇಂಧನ ಕಡಿಮೆಯಿದೆ ಎಂದು ಸಿಬ್ಬಂದಿ ಹೇಳಿದ್ದರು, ತುರ್ತುಸ್ಥಿತಿ ಎಂದು ಘೋಷಿಸಲೇ ಇಲ್ಲ. ಕೆಳಗಿದ್ದವರಿಗೆ ಅದರ ತೀವ್ರತೆ ತಟ್ಟಲಿಲ್ಲ. ನಮ್ಮಲ್ಲೇ 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ಹೋದರು. 15,000 ಅಡಿಯಲ್ಲಿ ಇರಬೇಕಿದ್ದ ಕಜಕ್ ವಿಮಾನ ಅದಕ್ಕಿಂತ ಕೆಳಗಿಳಿದಿತ್ತು. ಆ ಸಿಬ್ಬಂದಿಯ ಇಂಗ್ಲಿಷಿನ ಕೊರತೆ ಕಾರಣಗಳಲ್ಲಿ ಒಂದು ಎಂದು ತನಿಖೆ ಹೇಳಿತು.

ಹಾಗಾಗಿ ದುಡ್ಡಿಲ್ಲದ ಒಂದು ಅಭ್ಯಾಸ ಹೇಳುತ್ತೇನೆ. ರಾಯಚೂರು ರೈಲ್ವೆ ಸ್ಟೇಷನ್ ಪ್ಲಾಟ್‌ಫಾರಂನಲ್ಲಿ ನಿಂತು ಗೆಳತಿಗೆ ಫೋನ್ ಮಾಡು. ಅವಳು ರನ್‌ವೇ, ಹೆಡಿಂಗ್, ಎತ್ತರ ಓದಲಿ. ನೀನು ತಿರುಗಿ ಒಪ್ಪಿಸು. ಗದ್ದಲದಲ್ಲಿ ಕೇಳದಿದ್ದರೆ ನಾಚಿಕೆ ಬಿಟ್ಟು ‘ಸೇ ಅಗೇನ್’ ಅನ್ನು. ಊಹಿಸಿ ‘ರೋಜರ್’, ಅಂದರೆ ‘ಪೂರ್ತಿ ಕೇಳಿಸಿತು’, ಅನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆಮೇಲೆ ಲಿಂಗಸುಗೂರು ರಸ್ತೆಯಲ್ಲಿ ಭತ್ತದ ಟ್ರಾಕ್ಟರ್ ಮಗುಚಿದ್ದನ್ನು ಇಂಗ್ಲಿಷಿನಲ್ಲಿ ಹೇಳಿ ನೋಡು. ಎಲ್ಲಿ, ಏನು, ಎಷ್ಟು ಜನ, ಏನು ಸಹಾಯ ಬೇಕು. ವ್ಯಾಕರಣ ತಪ್ಪಿದರೂ ಪರವಾಗಿಲ್ಲ, ಚಿತ್ರ ಮೂಡಬೇಕು.

ವಿಮಾನ ನಿಲ್ದಾಣ ಪ್ರಾಧಿಕಾರದ ಆಯ್ಕೆಯಲ್ಲಿ ಕಂಪ್ಯೂಟರ್ ಪರೀಕ್ಷೆಯ ನಂತರ ವಾಯ್ಸ್ ಟೆಸ್ಟ್ ಇರುತ್ತದೆ. ಅವರು ಕೇಳುವುದು ಹನ್ನೆರಡನೇ ತರಗತಿ ಮಟ್ಟದ ಇಂಗ್ಲಿಷ್. ತರಬೇತಿ ಅವರೇ ಕೊಡುತ್ತಾರೆ. ಪ್ರಯಾಗ್‌ರಾಜ್‌ನ ಕಾಲೇಜು ಇದರಲ್ಲಿ ಹಳೆಯದು. ಆ ಫೀಸಿನ ದುಡ್ಡನ್ನು ಫಿಸಿಕ್ಸ್ ಪುಸ್ತಕಕ್ಕೆ ಹಾಕು.

ಪ್ರಶ್ನೆ: ನಮ್ಮ ವಿದ್ಯಾನಗರ ನಿಲ್ದಾಣಕ್ಕೆ ಬರುವ ಪೈಲಟ್ ಕನ್ನಡಿಗ, ಕಂಟ್ರೋಲರ್ ಕನ್ನಡಿಗ ಆಗಿದ್ದರೆ ಕನ್ನಡದಲ್ಲೇ ಮಾತಾಡಬಹುದಲ್ವಾ?
– ತೋರಣಗಲ್ಲಿನ ಓದುಗರು

ಉತ್ತರ: ಒಳ್ಳೇ ಪ್ರಶ್ನೆ. ಐಕಾವೊ ನಿಯಮ ಇಂಗ್ಲಿಷೊಂದೇ ಅನ್ನುವುದಿಲ್ಲ. ನೆಲದ ಕೇಂದ್ರ ರೂಢಿಯಲ್ಲಿ ಬಳಸುವ ಭಾಷೆ ಅಥವಾ ಇಂಗ್ಲಿಷ್ ಅನ್ನುತ್ತದೆ. ಫ್ರಾನ್ಸಿನಲ್ಲಿ ಫ್ರೆಂಚ್ ಕೇಳಿಸುತ್ತದೆ. ಕೆನಡಾದಲ್ಲಿ 1976ರಲ್ಲಿ ರೇಡಿಯೊದಲ್ಲಿ ಫ್ರೆಂಚ್ ಬಳಸುವ ವಿಷಯಕ್ಕೆ ಪೈಲಟ್‌ಗಳು ಮುಷ್ಕರವನ್ನೇ ಹೂಡಿದ್ದರು. ನಮ್ಮಲ್ಲಿ ರೂಢಿ ಇಂಗ್ಲಿಷಿನದು. ಅದೇ ಫ್ರೀಕ್ವೆನ್ಸಿಯಲ್ಲಿ ಇನ್ನೂ ನಾಲ್ಕು ವಿಮಾನ ಕಿವಿಗೊಟ್ಟಿರುತ್ತವೆ, ಯಾರು ಎಲ್ಲಿ ಇಳಿಯುತ್ತಿದ್ದಾರೆ ಎಂಬ ಲೆಕ್ಕ ಅವರಿಗೂ ಸಿಗಬೇಕು. ಒಬ್ಬ ಮಣಿಪುರದವನಿರಬಹುದು, ಇನ್ನೊಬ್ಬ ರಷ್ಯಾದವನು. ಮೈಕ್ ಆಫ್ ಆದ ಮೇಲೆ ಗೋಪುರದೊಳಗೆ ಡ್ಯೂಟಿ ಬದಲಾವಣೆಯ ಜಗಳವನ್ನು ನಾವು ಧಾರಾಳವಾಗಿ ಕನ್ನಡದಲ್ಲೇ ಆಡುತ್ತಿದ್ದೆವು.