ಹೊಳೆ ಈಜು ಬಲ್ಲವರು ಡೈವ್‌ಮಾಸ್ಟರ್ ಆಗಲು ಇನ್ನೇನು ಕಲಿಯಬೇಕು?

ಊರು ಸಕಲೇಶಪುರ, ಚಿಕ್ಕಂದಿನಿಂದ ಹೇಮಾವತಿಯಲ್ಲಿ ಈಜಿ ಅಭ್ಯಾಸ, ಮುಂದೆ ಸ್ಕೂಬಾ ಡೈವ್‌ಮಾಸ್ಟರ್ (ಸಿಲಿಂಡರಿನ ಗಾಳಿ ಉಸಿರಾಡುತ್ತ ನೀರಿನಡಿ ಇಳಿಯುವವರಿಗೆ ದಾರಿ ತೋರುವವರು) ಆಗುವ ಆಸೆ, ಈ ಈಜು ಸಾಕೇ ಎಂದು ಕೇಳಿದ್ದೀರಿ. ಧೈರ್ಯದ ಮಟ್ಟಿಗೆ ಸಾಕು, ಕೆಲಸಕ್ಕೆ ಸಾಲದು. ನಾನು ಮೂಡಿಗೆರೆ ಕಡೆಯವನು. ಮಳೆಗಾಲ ಕಳೆದ ಮೇಲೆ ಮುರುಡೇಶ್ವರಕ್ಕೆ ಇಳಿದು, ನೇತ್ರಾಣಿ ದ್ವೀಪಕ್ಕೆ ಬರುವವರನ್ನು ನೀರಿಗೆ ಕರೆದೊಯ್ಯುವ ಇದೇ ಕೆಲಸ ಮಾಡುತ್ತೇನೆ. ನಮ್ಮ ಮಲೆನಾಡಿನ ಹುಡುಗರು ಕಲಿಯಲು ಬಂದಾಗ ಅವರಲ್ಲಿ ಮತ್ತೆ ಮತ್ತೆ ಕಾಣುವ ಕೊರತೆ ಒಂದೇ: ತಲೆ ಎತ್ತಿಕೊಂಡೇ ಈಜುತ್ತಾರೆ.

ಹೊಳೆಯಲ್ಲಿ ಅದು ಸರಿಯೇ. ಬಂಡೆ, ಸೆಳವು, ಆಚೆ ದಡ ಎಲ್ಲವೂ ಕಣ್ಣಿಗೆ ಬೀಳುತ್ತಿರಬೇಕು. ಆದರೆ ತಲೆ ಮೇಲೆದ್ದಷ್ಟೂ ಸೊಂಟ, ಕಾಲು ಕೆಳಗಿಳಿಯುತ್ತವೆ. ಕೈಗೆ ಎರಡು ಪಾಲು ದುಡಿಮೆ. ಐವತ್ತು ಮೀಟರ್ ಹೀಗೆ ಹೋಗಬಹುದು, ನಾನೂರು ಮೀಟರಿನಲ್ಲಿ ಸೋತುಬಿಡುತ್ತೀರಿ. ಡೈವಿಂಗ್ ಪೂರ್ತಿ ಮುಖ ನೀರಿನಲ್ಲಿಟ್ಟುಕೊಂಡು ಮಾಡುವ ಕೆಲಸ. ಆದ್ದರಿಂದ ಮೊದಲು ಮುಖ ಮುಳುಗಿಸಿ, ನೀರಿನೊಳಗೆ ಉಸಿರು ಬಿಡುತ್ತ, ಪಕ್ಕಕ್ಕೆ ಹೊರಳಿ ಉಸಿರು ಎಳೆದುಕೊಳ್ಳುವುದನ್ನು ಕಲಿಯಿರಿ. ಇದೊಂದು ಕೈಗೂಡಿದರೆ ಉಳಿದದ್ದು ಅಷ್ಟು ಕಷ್ಟವಲ್ಲ.

ಡೈವಿಂಗ್ ತರಬೇತಿಯ ಪ್ರಮಾಣಪತ್ರ ಕೊಡುವ ಪ್ಯಾಡಿ ಸಂಸ್ಥೆಯ ಡೈವ್‌ಮಾಸ್ಟರ್ ಕೋರ್ಸಿನಲ್ಲಿ ನೀರಿನ ಪರೀಕ್ಷೆಗಳು ಐದು. ಒಂದೊಂದಕ್ಕೂ ಗರಿಷ್ಠ 5 ಅಂಕ. ಎಲ್ಲವನ್ನೂ ಮುಗಿಸಿ ಒಟ್ಟು ಕನಿಷ್ಠ 15 ಅಂಕ ಗಳಿಸಬೇಕು. 400 ಮೀಟರನ್ನು ಯಾವ ಸಲಕರಣೆಯೂ ಇಲ್ಲದೆ, ನಿಲ್ಲದೆ ಈಜಬೇಕು. ಯಾವ ಬಗೆಯ ಈಜಾದರೂ ಆದೀತು. ಬೇಗ ಮುಗಿಸಿದಷ್ಟೂ ಹೆಚ್ಚು ಅಂಕ. ಆದರೆ ಬರೀ ವೇಗದ ಬೆನ್ನುಹತ್ತಬೇಡಿ. ಒಂಬತ್ತು ನಿಮಿಷಕ್ಕೆ ಮುಗಿಸಿ ಏದುಸಿರಿಲ್ಲದೆ ಮಾತಾಡುವವರ ಮೇಲೆ ನನಗೆ ಹೆಚ್ಚು ನಂಬಿಕೆ. ಎರಡನೆಯದು 15 ನಿಮಿಷ ಮುಳುಗದೆ ಇರುವುದು. ಕೊನೆಯ ಎರಡು ನಿಮಿಷ ಅಂಗೈಗಳು ನೀರಿನ ಮೇಲಿರಬೇಕು. ಇದಕ್ಕೆ ಹೊಳೆಯವರು ಹೆದರಬೇಕಿಲ್ಲ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇಕಡ 2.5ರಷ್ಟು ಹೆಚ್ಚು ಸಾಂದ್ರ, ಅದು ನಿಮ್ಮನ್ನು ಇನ್ನಷ್ಟು ಎತ್ತಿ ಹಿಡಿಯುತ್ತದೆ.

ಮಾಸ್ಕ್, ಸ್ನಾರ್ಕೆಲ್ (ಬಾಯಲ್ಲಿ ಕಚ್ಚುವ ಉಸಿರಾಟದ ಕೊಳವೆ), ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ತೊಟ್ಟು 800 ಮೀಟರ್ ಹೋಗುವಾಗ ಕೈ ಬಳಸುವಂತಿಲ್ಲ. ಮೊಣಕಾಲು ಮಡಚಿ ಸೈಕಲ್ ತುಳಿದಂತೆ ಒದ್ದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಒದೆತ ತೊಡೆಯಿಂದ ಬರಬೇಕು. ಪ್ರಜ್ಞೆಯಿಲ್ಲದವರಂತೆ ಮಲಗಿದ ಜೊತೆಗಾರನನ್ನು 100 ಮೀಟರ್ ಎಳೆದೊಯ್ಯುವ ಪರೀಕ್ಷೆಗೂ ಇದೇ ತೊಡೆಯ ಬಲ ಬೇಕು, ಏಕೆಂದರೆ ಆಗ ಇಬ್ಬರ ಮೈಮೇಲೂ ಸಿಲಿಂಡರ್ ಸಹಿತ ಪೂರ್ತಿ ಸಲಕರಣೆ ಇರುತ್ತದೆ.

ಐದನೆಯದೇ ನಿಜವಾದ ಪರೀಕ್ಷೆ. ನೀರಿನಡಿಯಲ್ಲಿ ಇಬ್ಬರೂ ಒಂದೇ ರೆಗ್ಯುಲೇಟರಿನಿಂದ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಸರದಿಯಲ್ಲಿ ಉಸಿರಾಡುತ್ತ, ಮೈಮೇಲಿನ ಸಲಕರಣೆಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಸೊಂಟಕ್ಕೆ ಕಟ್ಟಿದ ತೂಕದ ಪಟ್ಟಿ ಮತ್ತು ಡೈವಿಂಗ್ ಉಡುಪು ಮಾತ್ರ ಬದಲಾಗುವುದಿಲ್ಲ. ಮಾಸ್ಕ್ ಕಳಚಿದ ಕೂಡಲೇ ಕಣ್ಣು ಮಂಜು, ಮೂಗಿಗೆ ನೀರು. ಮೂಗಿಗೆ ನೀರು ತಾಗಿದರೆ ಗಂಟಲು ತಾನಾಗಿ ಬಿಗಿದುಕೊಳ್ಳುತ್ತದೆ, ಬಾಯಲ್ಲಿ ರೆಗ್ಯುಲೇಟರ್ ಇದ್ದರೂ ಗಾಳಿ ಎಳೆಯಲಾಗುವುದಿಲ್ಲ. ಒಳ್ಳೆಯ ಈಜುಗಾರರೂ ಗಾಬರಿಯಾಗಿ ಮೇಲಕ್ಕೆ ಹಾರುವುದು ಇಲ್ಲಿಯೇ. ಮನೆಮದ್ದು ಸುಲಭ: ಎದೆಮಟ್ಟದ ನೀರಿನಲ್ಲಿ ನಿಂತು, ಮಾಸ್ಕ್ ಇಲ್ಲದೆ, ಸ್ನಾರ್ಕೆಲ್ ಕಚ್ಚಿ, ಮುಖ ಮುಳುಗಿಸಿ, ಮೂಗು ಹಿಡಿಯದೆ ಬಾಯಲ್ಲೇ ಉಸಿರಾಡುತ್ತಿರಿ. ಮೊದಲು ಅರ್ಧ ನಿಮಿಷ, ಆಮೇಲೆ ಐದು ನಿಮಿಷ. ಮೂಗಿಗೂ ಬಾಯಿಗೂ ಇರುವ ಕೊಂಡಿ ಸಡಿಲವಾಗುವುದು ನಿಮಗೇ ತಿಳಿಯುತ್ತದೆ. ಆದರೆ ಸಿಲಿಂಡರಿನ ಗಾಳಿ ಎಳೆದುಕೊಂಡ ಮೇಲೆ ಎಂದೂ ಉಸಿರು ಕಟ್ಟಬಾರದು. ರೆಗ್ಯುಲೇಟರ್ ಬಾಯಲ್ಲಿಲ್ಲದಾಗ ಸಣ್ಣ ಗುಳ್ಳೆಗಳನ್ನು ಬಿಡುತ್ತಲೇ ಇರಬೇಕು. ಕಟ್ಟಿದ ಉಸಿರಿನೊಂದಿಗೆ ಮೇಲೇರಿದರೆ ಆ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ.

ಇದನ್ನೇಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ದಿನನಿತ್ಯ ನಡೆಯುವುದೇ ಇದು. ಮೊದಲ ಸಲ ಬಂದವರ ಮಾಸ್ಕಿನಂಚಿಗೆ ಕೂದಲು ಸಿಕ್ಕಿ ನೀರು ಒಳಸೇರುತ್ತದೆ. ಅವರ ಬೆರಳುಗಳು ನನ್ನ ಪಟ್ಟಿಯನ್ನು ಹಿಡಿದು ಬಿಗಿಯುತ್ತವೆ, ಕಣ್ಣು ಅಗಲವಾಗುತ್ತದೆ, ಗುಳ್ಳೆಗಳು ಒಂದರ ಹಿಂದೊಂದು ಬರತೊಡಗುತ್ತವೆ. ಆ ಗಳಿಗೆಯಲ್ಲಿ ನನ್ನ ಉಸಿರಿನ ಬಗ್ಗೆ ನಾನು ಯೋಚಿಸುತ್ತಿದ್ದರೆ ಅವರನ್ನು ನೋಡುವವರು ಯಾರು? ಐದೂ ಪರೀಕ್ಷೆಗಳು ಅಳೆಯುವುದು ತನ್ನ ಚಿಂತೆ ಬಿಟ್ಟು ಇನ್ನೊಬ್ಬರನ್ನು ನೋಡಲು ಸಿಗುವ ಈ ಬಿಡುವನ್ನೇ.

ಅಭ್ಯಾಸಕ್ಕೆ ಹೊಳೆ, ಕೆರೆ ಬೇಡ. ಹಾಸನಕ್ಕೆ ಹೋಗಿ ಕಾವಲುಗಾರರಿರುವ ಈಜುಕೊಳಕ್ಕೆ ಸೇರಿ. ಬೇಲೂರಿನ ಯಗಚಿ ಜಲಾಶಯವಾಗಲಿ, ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯನ್ನು ಮಳೆಗಾಲದಲ್ಲಿ ಮುಳುಗಿಸುವ ಗೊರೂರು ಹಿನ್ನೀರಾಗಲಿ, ಒಳಗೇನಿದೆ ಎಂದು ಮೇಲಿನಿಂದ ಕಾಣುವುದಿಲ್ಲ. ಈಜುಕೊಳದಲ್ಲೂ ಉಸಿರು ಕಟ್ಟಿ ಮುಳುಗುವ ಪಂದ್ಯವನ್ನು ಒಬ್ಬರೇ ಆಡಬೇಡಿ. ಅದಕ್ಕೂ ಮೊದಲು ಜೋರಾಗಿ ಹತ್ತಾರು ಸಲ ಉಸಿರೆಳೆದು ಬಿಡುವ ಚಾಳಿಯಂತೂ ಬೇಡವೇ ಬೇಡ. ಹಾಗೆ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರು ಬೇಕೆಂಬ ತುಡಿತವೇ ಏಳುವುದಿಲ್ಲ. ಆಮ್ಲಜನಕ ತೀರಿ, ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪುತ್ತದೆ.

ಉಳಿದ ಅರ್ಹತೆಗಳು ಚುಟುಕಾಗಿ: 18 ವರ್ಷ ತುಂಬಿರಬೇಕು; ಓಪನ್ ವಾಟರ್, ಅಡ್ವಾನ್ಸ್ಡ್, ರೆಸ್ಕ್ಯೂ ಎಂಬ ಮೊದಲಿನ ಡೈವಿಂಗ್ ಕೋರ್ಸುಗಳು ಮುಗಿದಿರಬೇಕು; ಪ್ರಥಮ ಚಿಕಿತ್ಸೆಯ ತರಬೇತಿ 24 ತಿಂಗಳೊಳಗಿನದಾಗಿರಬೇಕು; ವೈದ್ಯರ ಸಹಿ ಬೇಕು. ಕೋರ್ಸ್ ಶುರುವಿಗೆ 40 ಡೈವ್, ಪ್ರಮಾಣಪತ್ರಕ್ಕೆ 60.

ನಮ್ಮ ಜಿಲ್ಲೆಗಳವರು ವಿಶೇಷವಾಗಿ ಗಮನಿಸಬೇಕಾದ ಒಂದು ವಿಷಯವಿದೆ. ಡೈವಿಂಗ್ ಮುಗಿದ ಮೇಲೂ ಮೈಯಲ್ಲಿ ಹೆಚ್ಚುವರಿ ಸಾರಜನಕ ಉಳಿದಿರುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು ಅದು ಗುಳ್ಳೆಗಟ್ಟಬಹುದು. ವಿಮಾನ ಹತ್ತುವ ಮುನ್ನ, ಒಂದೇ ಡೈವ್ ಆಗಿದ್ದರೆ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನಗಳದ್ದಾದರೆ 18 ಗಂಟೆ ಕಾಯಬೇಕೆಂಬ ಸಲಹೆ ಇದಕ್ಕಾಗಿಯೇ. ಸಕಲೇಶಪುರ 900 ಮೀಟರಿಗೂ ಮೇಲಿದೆ. ಶಿರಾಡಿ ಘಾಟಿ ಹತ್ತುವುದೂ ಎತ್ತರಕ್ಕೇರಿದಂತೆಯೇ. ಮಧ್ಯಾಹ್ನ ದೋಣಿಯಿಂದಿಳಿದು ಅದೇ ಸಂಜೆ ಊರಿನ ಬಸ್ ಹಿಡಿಯಬೇಡಿ. ರಾತ್ರಿ ಕರಾವಳಿಯಲ್ಲೇ ಉಳಿದು, ಮರುದಿನ ತಿಂಡಿ ತಿಂದುಕೊಂಡು ಹೊರಡಿ.